ಬಾಯ್ಲರಿನ ತಗಡಿನಿಂದ ಜಾಲತಾಣದ ಅಚ್ಚಿಗೆ

ವಿದ್ಯುತ್ ಬಿಲ್ ಕಟ್ಟಲು, ಬಸ್ಸಿನ ಸೀಟು ಕಾದಿರಿಸಲು, ಮಗಳ ಪರೀಕ್ಷೆಯ ಫಲಿತಾಂಶ ನೋಡಲು ನಾವು ತೆರೆಯುವ ಜಾಲತಾಣಗಳು ಒಂದಕ್ಕೊಂದು ಸಂಬಂಧವಿಲ್ಲದವು. ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಒಂದರ ಉದ್ದೇಶ ಇನ್ನೊಂದರದ್ದಲ್ಲ. ಆದರೆ ಇವನ್ನು ಕಟ್ಟುವವರ ಪಕ್ಕದಲ್ಲಿ ಮೊದಲ ದಿನ ಕುಳಿತು ನೋಡಿದರೆ ಎಲ್ಲರೂ ಮಾಡುವುದು ಹೆಚ್ಚುಕಡಿಮೆ ಒಂದೇ ಕೆಲಸ ಎಂಬುದು ಗೊತ್ತಾಗುತ್ತದೆ. ಬಳಕೆದಾರ ತನ್ನ ಹೆಸರು, ಗುಪ್ತಪದ ಕೊಟ್ಟು ಒಳಬರುವ ಬಾಗಿಲು. ಮಾಹಿತಿಯನ್ನು ಜೋಪಾನವಾಗಿಡುವ ದತ್ತಸಂಚಯಕ್ಕೆ, ಅಂದರೆ ಡೇಟಾಬೇಸಿಗೆ, ಒಂದು ಸಂಪರ್ಕ. ಏನಾದರೂ ಕೆಟ್ಟರೆ ತೋರಿಸಬೇಕಾದ ಕ್ಷಮಾಪಣೆಯ ಪುಟ. ಬರೆದದ್ದು ಸರಿಯಿದೆಯೇ ಎಂದು ಪರೀಕ್ಷಿಸುವ ಏರ್ಪಾಡು. ಕಡತಗಳನ್ನು ವಿಂಗಡಿಸಿಡಲು ಗೂಡುಗಳು. ಇಷ್ಟಾದ ಮೇಲೆಯೇ ಬಸ್ಸಿನದು ಬಸ್ಸಿನ ದಾರಿ, ಬಿಲ್ಲಿನದು ಬಿಲ್ಲಿನ ದಾರಿ.

ಇದನ್ನೆಲ್ಲ ಪ್ರತಿ ಸಲವೂ ಹೊಸದಾಗಿ ಬರೆಯುವ ತಾಳ್ಮೆ ಯಾರಿಗೂ ಇಲ್ಲ. ಆದ್ದರಿಂದ ಪ್ರೋಗ್ರಾಮರ್‌ಗಳು ಇಷ್ಟನ್ನೂ ಒಮ್ಮೆ ಸಿದ್ಧಪಡಿಸಿ ಇಟ್ಟುಕೊಂಡಿರುತ್ತಾರೆ. ಹೊಸ ಕೆಲಸ ಬಂದಾಗ ಅದರದೊಂದು ಪ್ರತಿ ತೆಗೆದು ಅಲ್ಲಿಂದ ಮುಂದುವರಿಯುತ್ತಾರೆ. ಇದಕ್ಕೆ ಟೆಂಪ್ಲೇಟ್ ಎನ್ನುವುದುಂಟು, ಸ್ಟಾರ್ಟರ್ ಎನ್ನುವುದುಂಟು. ಅವರ ಬಾಯಲ್ಲಿ ಓಡಾಡುವ ಇನ್ನೊಂದು ಹೆಸರು ‘ಬಾಯ್ಲರ್‌ಪ್ಲೇಟ್’. ಹಬೆಯಂತ್ರದ ಬಾಯ್ಲರಿಗೆ ಬಳಸುವ ದಪ್ಪ ತಗಡಿಗೂ ಜಾಲತಾಣಕ್ಕೂ ಎಲ್ಲಿಯ ನಂಟು? ಸ್ವಾರಸ್ಯವೆಂದರೆ, ಈ ನಂಟನ್ನು ಬೆಸೆದದ್ದು ನೀವು ಈಗ ಓದುತ್ತಿರುವಂಥದೇ ಒಂದು ವಸ್ತು: ವೃತ್ತಪತ್ರಿಕೆ.

ಕನ್ನಡಿಗರಿಗೆ ಈ ನಂಟು ಅಷ್ಟೇನೂ ವಿಚಿತ್ರವೆನಿಸಬೇಕಾಗಿಲ್ಲ. ನಮ್ಮಲ್ಲಿ ಪುಸ್ತಕ ಮುದ್ರಿಸುವುದಕ್ಕೂ ಅಚ್ಚು ಎನ್ನುತ್ತೇವೆ, ಸಂಕ್ರಾಂತಿಗೆ ಸಕ್ಕರೆಯ ಗೊಂಬೆ ಎರೆಯುವ ಮರದ ತುಂಡಿಗೂ ಅಚ್ಚು ಎನ್ನುತ್ತೇವೆ. ಆ ಮರದ ಅಚ್ಚು ಇದ್ದವರ ಮನೆಯಲ್ಲಿ ಒಂದು ಬೆಳಗಿನಲ್ಲಿ ನೂರು ಗಿಳಿ ಸಿದ್ಧ. ಆದರೆ ಅಚ್ಚಿನಲ್ಲೇ ಗಿಳಿಯ ಕೊಕ್ಕು ಮುರಿದಿದ್ದರೆ ಊರಿಗೆಲ್ಲ ಹಂಚುವುದು ಕೊಕ್ಕು ಮುರಿದ ಗಿಳಿಯನ್ನೇ. ಗಣಕಯುಗದ ಅಚ್ಚಿನ ಕಥೆಯೂ ಇದಕ್ಕಿಂತ ಬೇರೆಯಲ್ಲ.

ಅರ್ಧ ಮುದ್ರಿತ, ಅರ್ಧ ಖಾಲಿ

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿತ್ತು. ವಿಸ್ಕಾನ್ಸಿನ್ ರಾಜ್ಯದ ಬ್ಯಾರಬೂ ಎಂಬ ಸಣ್ಣ ಊರಿನಲ್ಲಿ ಪತ್ರಿಕೆ ನಡೆಸುತ್ತಿದ್ದ ಆನ್ಸೆಲ್ ನ್ಯಾಶ್ ಕೆಲಾಗ್‌ಗೆ ಒಂದು ಸಂಕಷ್ಟ ಎದುರಾಯಿತು. ಅಚ್ಚುಮೊಳೆ ಜೋಡಿಸುವ ಕೆಲಸಗಾರ ಸೈನ್ಯ ಸೇರಿ ಹೊರಟುಬಿಟ್ಟ. ಪತ್ರಿಕೆಯನ್ನು ಪೂರ್ತಿ ಜೋಡಿಸಲು ಕೈ ಸಾಲದು. ನಿಲ್ಲಿಸಲು ಮನಸ್ಸು ಬಾರದು. ಹತ್ತಿರದ ಮ್ಯಾಡಿಸನ್ ನಗರದ ಪತ್ರಿಕೆಯೊಂದರಿಂದ ಕೆಲಾಗ್ ಯುದ್ಧದ ಸುದ್ದಿ ಮುದ್ರಿತವಾಗಿದ್ದ ಹಾಳೆಗಳನ್ನು ತರಿಸಿಕೊಂಡ. ಊರಿನ ಸುದ್ದಿಯನ್ನಷ್ಟೇ ತಾನು ಅಚ್ಚು ಮಾಡಿ, ಎರಡನ್ನೂ ಸೇರಿಸಿ ಓದುಗರಿಗೆ ಕೊಟ್ಟ. ಪತ್ರಿಕೆ ನಿಲ್ಲಲಿಲ್ಲ.

ಸಂಕಟಕ್ಕೆ ಕಂಡುಕೊಂಡ ಈ ಉಪಾಯವೇ ಮುಂದೆ ವ್ಯಾಪಾರವಾಯಿತು. 1865ರಲ್ಲಿ ಕೆಲಾಗ್ ಶಿಕಾಗೊ ನಗರದಲ್ಲಿ ಇಂಥ ಅರೆಮುದ್ರಿತ ಹಾಳೆಗಳನ್ನು ಸಣ್ಣ ಪತ್ರಿಕೆಗಳಿಗೆ ಒದಗಿಸುವ ಉದ್ಯಮ ಆರಂಭಿಸಿದ. ಹಾಳೆಯ ಒಂದು ಬದಿಯಲ್ಲಿ ದೇಶದ ಸುದ್ದಿ, ಕಥೆ, ಬೇಸಾಯದ ಸಲಹೆ, ಜಾಹೀರಾತು. ಇನ್ನೊಂದು ಬದಿ ಪೂರ್ತಿ ಖಾಲಿ. ಆ ಖಾಲಿ ಬದಿಯಲ್ಲಿ ಊರಿನ ಸಂಪಾದಕ ತನ್ನ ಸಭೆ, ಸಾವು, ಮದುವೆ, ಜಗಳಗಳ ವರದಿ ಹಾಕಿಕೊಳ್ಳಬೇಕು.

ಶತಮಾನದ ಕೊನೆಯ ದಶಕಗಳಲ್ಲಿ ಹಾಳೆಯ ಬದಲು ಲೋಹದ ಫಲಕಗಳೇ ಬರತೊಡಗಿದವು. ಜೋಡಿಸಿದ ಮೊಳೆಗಳ ಮೇಲೆ ಒದ್ದೆ ಕಾಗದದ ಮುದ್ದೆ ಒತ್ತಿ ಪಡಿಯಚ್ಚು ತೆಗೆಯುವುದು, ಅದರೊಳಕ್ಕೆ ಕರಗಿದ ಲೋಹ ಎರೆದು ಇಡೀ ಅಂಕಣದ ಒಂದೇ ಫಲಕ ಮಾಡುವುದು ಆಗಲೇ ರೂಢಿಯಲ್ಲಿದ್ದ ವಿದ್ಯೆ. ಅದಕ್ಕೆ ಸ್ಟೀರಿಯೊಟೈಪ್ ಎಂದು ಹೆಸರು. ಸುದ್ದಿಸಂಸ್ಥೆಗಳು ಇಂಥ ಫಲಕಗಳನ್ನು ನೂರಾರು ಊರುಗಳಿಗೆ ರವಾನಿಸತೊಡಗಿದವು. ಒಂದು ಅಕ್ಷರವನ್ನೂ ಬದಲಿಸಲು ಬಾರದ, ಒಂದೇ ಎರಕದ ಆ ಗಟ್ಟಿ ತಗಡುಗಳನ್ನು ಮುದ್ರಣಾಲಯದವರು ಬಾಯ್ಲರಿನ ತಗಡಿಗೆ ಹೋಲಿಸಿ ಬಾಯ್ಲರ್‌ಪ್ಲೇಟ್ ಎಂದು ಕರೆದರು. ಮುಂದೆ ವಕೀಲರು ಎಲ್ಲ ಕರಾರುಪತ್ರಗಳಲ್ಲೂ ಕಣ್ಣುಮುಚ್ಚಿ ಸೇರಿಸುವ ಷರತ್ತುಗಳಿಗೂ ಅದೇ ಹೆಸರು ಅಂಟಿಕೊಂಡಿತು.

ಈ ಫಲಕಗಳು ಎಷ್ಟೋ ಸಣ್ಣ ಪತ್ರಿಕೆಗಳನ್ನು ಬದುಕಿಸಿದವು ಎಂಬುದು ನಿಜ. ಹಾಗೆಯೇ ಎಲ್ಲ ಊರಿನ ಪತ್ರಿಕೆಗಳಲ್ಲೂ ಒಂದೇ ಕಥೆ, ಒಂದೇ ಅಭಿಪ್ರಾಯ, ಒಂದೇ ಜಾಹೀರಾತು ಕಾಣಿಸುವಂತಾದದ್ದೂ ನಿಜ. ಸ್ಟೀರಿಯೊಟೈಪ್ ಎಂಬ ಶಬ್ದಕ್ಕೆ ಇಂದು ಪೂರ್ವಗ್ರಹದ ಸಿದ್ಧ ಚಿತ್ರ ಎಂಬ ಅರ್ಥ ಬಂದಿದೆ. ಅದೇ ಫಲಕದ ಫ್ರೆಂಚ್ ಹೆಸರಾದ ಕ್ಲೀಷೆ ಸವಕಲು ಮಾತಿಗೆ ಹೆಸರಾಗಿದೆ. ಅಚ್ಚಿನ ಲಾಭ ಮತ್ತು ನಷ್ಟ ಎರಡನ್ನೂ ಭಾಷೆಯೇ ನೆನಪಿಟ್ಟುಕೊಂಡಿದೆ.

ಕೇಂಬ್ರಿಜ್‌ನ ಕಪಾಟು

ಮುದ್ರಣಾಲಯದಿಂದ ಈಗ ಗಣಕದ ಕೋಣೆಗೆ ಬರೋಣ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ನೇತೃತ್ವದಲ್ಲಿ ಕಟ್ಟಿದ ಎಡ್ಸಾಕ್ ಎಂಬ ಯಂತ್ರ 1949ರ ಮೇ 6ರಂದು ತನ್ನ ಮೊದಲ ಪ್ರೋಗ್ರಾಂ ನಡೆಸಿತು; ಸಂಖ್ಯೆಗಳ ವರ್ಗಗಳ ಪಟ್ಟಿಯೊಂದನ್ನು ಮುದ್ರಿಸಿತು. ಯಂತ್ರಕ್ಕೆ ಆದೇಶ ಕೊಡಬೇಕಾದದ್ದು ರಂಧ್ರ ಕೊರೆದ ಕಾಗದದ ಪಟ್ಟಿಯ ಮೂಲಕ. ವರ್ಗಮೂಲ ಕಂಡುಹಿಡಿಯುವುದು, ಉತ್ತರವನ್ನು ದಶಮಾಂಶದಲ್ಲಿ ಮುದ್ರಿಸುವುದು ಇಂಥ ಕೆಲಸಗಳು ಖಗೋಳದ ಲೆಕ್ಕಕ್ಕೂ ಬೇಕು, ರಸಾಯನಶಾಸ್ತ್ರದ ಲೆಕ್ಕಕ್ಕೂ ಬೇಕು. ಪ್ರತಿಯೊಬ್ಬರೂ ಮೊದಲಿನಿಂದ ಬರೆದರೆ ಪ್ರತಿಯೊಬ್ಬರೂ ಹೊಸ ತಪ್ಪು ಮಾಡುತ್ತಾರೆ. ತನ್ನ ಉಳಿದ ಆಯುಷ್ಯದ ಬಹುಪಾಲು ತನ್ನದೇ ಪ್ರೋಗ್ರಾಂಗಳ ತಪ್ಪು ಹುಡುಕುವುದರಲ್ಲಿ ಕಳೆಯಲಿದೆ ಎಂಬ ಅರಿವು ಆ ದಿನಗಳಲ್ಲೇ ತನಗಾಯಿತೆಂದು ವಿಲ್ಕ್ಸ್ ಮುಂದೆ ನೆನಪಿಸಿಕೊಂಡಿದ್ದಾರೆ.

ಪರಿಹಾರ ಒಂದು ಕಪಾಟು. ಚೆನ್ನಾಗಿ ಪರೀಕ್ಷಿಸಿದ ತುಣುಕುಗಳನ್ನು ಪಟ್ಟಿಗಳಲ್ಲಿ ಕೊರೆದು ಅದರಲ್ಲಿಟ್ಟರು. ಬೇಕಾದವರು ಪಟ್ಟಿಯನ್ನು ತೆಗೆದು, ಯಂತ್ರದ ಸಹಾಯದಿಂದ ತಮ್ಮ ಪಟ್ಟಿಗೆ ನಕಲು ಮಾಡಿಕೊಂಡು, ವಾಪಸು ಇಡಬೇಕು. ಈ ತುಣುಕಿಗೆ ಹೋಗಿ ಮತ್ತೆ ಹೊರಟ ಜಾಗಕ್ಕೇ ಮರಳುವ ಉಪಾಯವನ್ನು ರೂಪಿಸಿದ್ದು ಡೇವಿಡ್ ವೀಲರ್ ಎಂಬ ತರುಣ. 1951ರ ವೇಳೆಗೆ ಕಪಾಟಿನಲ್ಲಿ 87 ತುಣುಕುಗಳಿದ್ದವು. ಆ ವರ್ಷ ವಿಲ್ಕ್ಸ್, ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಈ ಕ್ರಮವನ್ನೆಲ್ಲ ವಿವರಿಸಿ ಪುಸ್ತಕ ಬರೆದರು. ಪ್ರೋಗ್ರಾಂ ಬರೆಯುವುದನ್ನು ಕಲಿಸುವ ಮೊದಲ ಪುಸ್ತಕವೆಂದು ಅದಕ್ಕೆ ಹೆಸರಿದೆ.

1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನ್ಯಾಟೊ ಆಶ್ರಯದಲ್ಲಿ ತಂತ್ರಾಂಶ ತಜ್ಞರ ಸಮ್ಮೇಳನ ನಡೆಯಿತು. ಬೆಲ್ ಪ್ರಯೋಗಾಲಯದ ಡಗ್ಲಸ್ ಮೆಕಿಲ್‌ರಾಯ್ ಅಲ್ಲಿ ಇನ್ನೂ ಮುಂದೆ ಹೋಗಿ, ಕಾರ್ಖಾನೆಗಳಲ್ಲಿ ಬಿಡಿಭಾಗ ಸಿಗುವಂತೆ ತಂತ್ರಾಂಶದ ಬಿಡಿಭಾಗಗಳೂ ರಾಶಿರಾಶಿಯಾಗಿ ತಯಾರಾಗಬೇಕೆಂದು ವಾದಿಸಿದರು.

ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಬಿಡಿಭಾಗ ಬೇರೆ, ಹಂದರ ಬೇರೆ. ಬಾಗಿಲು, ಕಿಟಕಿ ಅಂಗಡಿಯಲ್ಲಿ ಸಿಕ್ಕಿದರೂ ಮನೆಯ ಪಾಯ ಎಲ್ಲಿ, ಅಡಿಗೆಮನೆ ಯಾವ ಮೂಲೆಗೆ ಎಂಬುದನ್ನು ಯಾರಾದರೂ ನಿರ್ಧರಿಸಲೇಬೇಕು. ಹಂದರಕ್ಕೆ ಆ ಕಾಲದವರ ಆಸರೆ ಹಳೆಯ ಪ್ರೋಗ್ರಾಂ ಒಂದನ್ನು ನಕಲು ಮಾಡಿ ತಿದ್ದಿಕೊಳ್ಳುವುದು. ಐಬಿಎಂನ ದೊಡ್ಡ ಯಂತ್ರಗಳಿಗೆ ಯಾವ ಕೆಲಸವನ್ನು ಹೇಗೆ ನಡೆಸಬೇಕೆಂದು ತಿಳಿಸುವ ಜೆಸಿಎಲ್ ಎಂಬ ಆದೇಶಭಾಷೆ ಇತ್ತು. ಅದು ಎಷ್ಟು ತೊಡಕಿನದೆಂದರೆ, ಜಗತ್ತಿನಲ್ಲಿ ಒಬ್ಬನೇ ಒಬ್ಬ ಅದನ್ನು ಮೊದಲಿನಿಂದ ಬರೆದಿದ್ದಾನೆ, ಉಳಿದವರೆಲ್ಲ ಅದನ್ನೇ ನಕಲು ಮಾಡಿದ್ದಾರೆ ಎಂಬ ನಗೆಮಾತು ಹುಟ್ಟಿಕೊಂಡಿತು. ನಗೆಯ ಹಿಂದಿನ ಸತ್ಯ ಇಷ್ಟೆ: ನಕಲು ಮಾಡಿದವನಿಗೆ ಯಾವ ಸಾಲು ಏಕಿದೆ ಎಂಬುದು ತಿಳಿದಿರಬೇಕಾಗಿಲ್ಲ.

ತಾಯಿಯನ್ನು ಮರೆತ ಪ್ರತಿಗಳು

ಅಂತರಜಾಲದ ಪುಟಗಳ ವ್ಯವಸ್ಥೆಯನ್ನು ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ 1989ರಲ್ಲಿ ಸೂಚಿಸಿದರು. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಯಾರು ಬೇಕಾದರೂ ಬಳಸಬಹುದೆಂದು ಬಿಟ್ಟುಕೊಟ್ಟಿತು. ಈ ಪುಟಗಳಿಗೆ ಒಂದು ವಿಶೇಷ ಗುಣವಿತ್ತು. ಇಷ್ಟವಾದ ಪುಟದ ಹಿಂದಿನ ಬರಹವನ್ನು ಯಾರು ಬೇಕಾದರೂ ತೆರೆದು ನೋಡಬಹುದು, ನಕಲು ಮಾಡಬಹುದು. ಒಂದು ತಲೆಮಾರು ಜಾಲತಾಣ ಕಟ್ಟಲು ಕಲಿತದ್ದೇ ಹೀಗೆ.

1995ರಲ್ಲಿ ಮ್ಯಾಟ್ ರೈಟ್ ಎಂಬ ಅಮೆರಿಕದ ವಿದ್ಯಾರ್ಥಿ ಜಾಲತಾಣಗಳಿಗೆ ಬೇಕಾದ ಸಿದ್ಧ ಪ್ರೋಗ್ರಾಂಗಳ ಭಂಡಾರವೊಂದನ್ನು ತೆರೆದು ಉಚಿತವಾಗಿ ಹಂಚತೊಡಗಿದ. ಅದರಲ್ಲಿ ಬಹಳ ಜನಪ್ರಿಯವಾದದ್ದು ಫಾರ್ಮ್‌ಮೇಲ್. ಓದುಗ ಪುಟದಲ್ಲಿ ತುಂಬಿದ ಅರ್ಜಿಯನ್ನು ತಾಣದ ಮಾಲೀಕನಿಗೆ ಅಂಚೆಯಾಗಿ ಕಳುಹಿಸುವುದು ಅದರ ಕೆಲಸ. ದೇಶದೇಶಗಳಲ್ಲಿ ಅದರ ಪ್ರತಿಗಳು ಹಬ್ಬಿದವು. ಆದರೆ ಅಂಚೆ ಯಾರಿಗೆ ಹೋಗಬೇಕೆಂಬ ವಿಳಾಸ ಪುಟದಿಂದಲೇ ಬರುತ್ತಿತ್ತು. ವಿಳಾಸ ಬದಲಿಸಿ ಕೊಟ್ಟರೆ ಪರರ ಯಂತ್ರದಿಂದ ಯಾರಿಗೆ ಬೇಕಾದರೂ ಅಂಚೆ ಕಳುಹಿಸಬಹುದೆಂಬುದನ್ನು ಕಸದ ಜಾಹೀರಾತು ಹಂಚುವವರು ಕಂಡುಕೊಂಡರು. ಲಂಡನ್ನಿನ ಕೆಲವು ಪರ್ಲ್ ಪ್ರೋಗ್ರಾಮರ್‌ಗಳು ಇದೇ ಕೆಲಸ ಮಾಡುವ ಸುರಕ್ಷಿತ ಬದಲಿಗಳನ್ನು ಬರೆದರು. ಅವನ್ನೇ ಬಳಸಿರೆಂದು ರೈಟ್ ಕೂಡ ತನ್ನ ತಾಣದಲ್ಲಿ ಸಲಹೆ ಕೊಟ್ಟ.

ಹಾಗಾದರೆ ಸಮಸ್ಯೆ ಮುಗಿಯಿತೇ? ಮುಗಿಯಲಿಲ್ಲ. ಮೂಲದಲ್ಲಿ ತಪ್ಪು ತಿದ್ದಬಹುದು. ಆಗಲೇ ನಕಲಾಗಿ ಹೋದ ಪ್ರತಿಗಳಿಗೆ ಅದನ್ನು ತಿಳಿಸುವವರು ಯಾರು? ನಕಲಾದ ಕ್ಷಣದಿಂದ ಪ್ರತಿಗೂ ಮೂಲಕ್ಕೂ ಸಂಬಂಧ ಕಡಿದಿರುತ್ತದೆ. ಕೇಂಬ್ರಿಜ್‌ನ ಕಪಾಟು ಒಂದೇ ಕಟ್ಟಡದಲ್ಲಿತ್ತು. ತಪ್ಪು ಕಂಡರೆ ಪಕ್ಕದವರಿಗೆ ಹೇಳಬಹುದಿತ್ತು. ಅಂತರಜಾಲದಲ್ಲಿ ಪಕ್ಕದವರೆಂದರೆ ಇಡೀ ಜಗತ್ತು.

ಮತ್ತೆ ಪತ್ರಿಕಾ ಕಚೇರಿಯಲ್ಲಿ

ಹಂದರದ ಪ್ರಶ್ನೆಗೆ ಒಳ್ಳೆಯ ಉತ್ತರ ಬಂದದ್ದು ಮುಂದಿನ ದಶಕದಲ್ಲಿ. ಅದರಲ್ಲೊಂದು ಮತ್ತೆ ಪತ್ರಿಕಾ ಕಚೇರಿಯಲ್ಲೇ ಹುಟ್ಟಿತೆಂಬುದು ಗಮನಾರ್ಹ. ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ದಿನಪತ್ರಿಕೆಯಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಜಾಲತಾಣದ ಕೆಲಸ ಮಾಡುತ್ತಿದ್ದರು. ಪತ್ರಿಕೆಯ ಕೆಲಸದ ಗಡುವುಗಳು ನಮಗೆ ಗೊತ್ತೇ ಇವೆ. ಸಂಪಾದಕರು ಕೇಳಿದ ಹೊಸ ಪುಟ ದಿನಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲಿ ಸಿದ್ಧವಾಗಬೇಕು. ಪ್ರತಿ ತಾಣದಲ್ಲೂ ಮತ್ತೆ ಮತ್ತೆ ಬರುವ ಭಾಗಗಳನ್ನು ಅವರು 2003ರಿಂದ ಪ್ರತ್ಯೇಕಿಸುತ್ತ ಬಂದರು. 2005ರ ಜುಲೈಯಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್‌ನ ನೆನಪಿಗೆ ಅದಕ್ಕೆ ಜ್ಯಾಂಗೊ ಎಂದೇ ಹೆಸರಿಟ್ಟರು.

ಅದಕ್ಕೆ ಒಂದು ವರ್ಷ ಮೊದಲು, 2004ರ ಜುಲೈಯಲ್ಲಿ, ಡೆನ್ಮಾರ್ಕಿನ ಡೇವಿಡ್ ಹೈನೆಮಿಯರ್ ಹ್ಯಾನ್ಸನ್ ರೂಬಿ ಆನ್ ರೇಲ್ಸ್ ಬಿಡುಗಡೆ ಮಾಡಿದ್ದರು. ಬೇಸ್‌ಕ್ಯಾಂಪ್ ಎಂಬ ಕೆಲಸಕಾರ್ಯ ನಿರ್ವಹಣೆಯ ತಾಣವನ್ನು ಕಟ್ಟಿ ಮುಗಿಸಿ, ಅದರಿಂದ ಎಲ್ಲೆಡೆ ಬಳಸಬಹುದಾದ ಭಾಗವನ್ನು ಬೇರ್ಪಡಿಸಿ ಮಾಡಿದ್ದು ಇದು. ಒಂದು ಆದೇಶ ಕೊಟ್ಟರೆ ಸಾಕು, ಹೊಸ ತಾಣದ ಹಂದರ ಕಣ್ಣೆದುರು ನಿಲ್ಲುತ್ತಿತ್ತು. ಮಾಹಿತಿಯ ಲೆಕ್ಕಾಚಾರಕ್ಕೆ ಒಂದು ಫೋಲ್ಡರ್, ತೆರೆಯ ಮೇಲೆ ಕಾಣುವುದಕ್ಕೆ ಒಂದು, ಇವೆರಡರ ನಡುವಿನ ವ್ಯವಹಾರಕ್ಕೆ ಒಂದು, ಪರೀಕ್ಷೆಗಳಿಗೆ ಒಂದು. ಯಾವುದು ಎಲ್ಲಿರಬೇಕೆಂಬ ಚರ್ಚೆಯೇ ಇಲ್ಲ. ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದ ಪ್ರೋಗ್ರಾಮರ್‌ಗೆ, ಅಡಿಗೆಮನೆ ಬದಲಾದರೂ ಸಾಸಿವೆಯ ಡಬ್ಬಿ ಅದೇ ಗೂಡಿನಲ್ಲಿ ಸಿಕ್ಕಂತೆ.

ಇವೆರಡರ ಹುಟ್ಟಿನಲ್ಲಿ ಒಂದು ಪಾಠವಿದೆ. ಎರಡನ್ನೂ ಯಾರೂ ಮೊದಲೇ ಕುಳಿತು ಕಲ್ಪಿಸಿಕೊಂಡು ರಚಿಸಲಿಲ್ಲ. ನಿಜವಾದ ಕೆಲಸ ಮಾಡಿ, ಅದರಿಂದ ಹಂದರವನ್ನು ಕಡೆದು ತೆಗೆದರು. ಮಾರ್ಟಿನ್ ಫೌಲರ್ 1999ರ ತಮ್ಮ ಪುಸ್ತಕದಲ್ಲಿ ಡಾನ್ ರಾಬರ್ಟ್ಸ್ ಹೇಳಿದ್ದೆಂದು ಒಂದು ಸೂತ್ರ ಕೊಟ್ಟಿದ್ದಾರೆ. ಅದರ ತಾತ್ಪರ್ಯ: ಮೊದಲ ಸಲ ಕೆಲಸ ಮಾಡಿಬಿಡಿ, ಎರಡನೆಯ ಸಲ ಅದೇ ಬಂದಾಗ ಬೇಸರವಾದರೂ ಮತ್ತೆ ಮಾಡಿ, ಮೂರನೆಯ ಸಲ ಬಂದರೆ ಮಾತ್ರ ಸಾಮಾನ್ಯ ರೂಪ ಕೊಡಿ.

2010ರಲ್ಲಿ ಪಾಲ್ ಐರಿಶ್ ಮತ್ತು ದಿವ್ಯಾ ಮಣಿಯನ್ ಹೊರತಂದ ಎಚ್‌ಟಿಎಂಎಲ್5 ಬಾಯ್ಲರ್‌ಪ್ಲೇಟ್ ಹಳೆಯ ಹೆಸರನ್ನು ರಾಜಾರೋಷವಾಗಿಯೇ ಹೊತ್ತಿತ್ತು. ಅದರ ನೀತಿಯೂ ಸೊಗಸಾದದ್ದು: ಬೇಡವಾದದ್ದನ್ನು ಧೈರ್ಯವಾಗಿ ಅಳಿಸಿಹಾಕಿ. ಮರುವರ್ಷ ಟ್ವಿಟರ್ ಸಂಸ್ಥೆಯಿಂದ ಬೂಟ್‌ಸ್ಟ್ರ್ಯಾಪ್ ಬಂತು. ಚಿತ್ರಕಲೆ ತಿಳಿಯದವರೂ ಅಚ್ಚುಕಟ್ಟಾದ ಗುಂಡಿ, ಪಟ್ಟಿಗಳನ್ನು ಜೋಡಿಸಬಹುದಾಯಿತು. ಕೆಲವೇ ವರ್ಷಗಳಲ್ಲಿ ಬ್ಯಾಂಕಿನ ಪುಟ, ಶಾಲೆಯ ಪುಟ, ಹೋಟೆಲಿನ ಪುಟ ಅಣ್ಣತಮ್ಮಂದಿರಂತೆ ಕಾಣತೊಡಗಿದವು. ನೂರು ಊರಿನ ಪತ್ರಿಕೆಗಳಲ್ಲಿ ಒಂದೇ ಕಥೆ ಬಂದಂತೆಯೇ.

ಬೀಗದ ಜೊತೆಗೆ ಕೀಲಿಕೈ

2016 ಈ ಕಥೆಯಲ್ಲಿ ನೆನಪಿಡಬೇಕಾದ ವರ್ಷ. ಅಷ್ಟರಲ್ಲಿ ಸಿದ್ಧ ಹಂದರಗಳು ತಾವೇ ನೂರಾರು ಹೊರಗಿನ ಬಿಡಿಭಾಗಗಳನ್ನು ಅವಲಂಬಿಸಿದ್ದವು. ಮಾರ್ಚ್ 22ರಂದು ಅಂಥ ಬಿಡಿಭಾಗಗಳ ಭಂಡಾರವಾದ ಎನ್‌ಪಿಎಂನಿಂದ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪುಟ್ಟ ತುಣುಕನ್ನು ಅದರ ಕರ್ತೃ, ಸಂಸ್ಥೆಯೊಂದಿಗಿನ ವಿವಾದದ ಕಾರಣ, ಹಿಂತೆಗೆದುಕೊಂಡರು. ಬರಹದ ಎಡಗಡೆಗೆ ಖಾಲಿ ಜಾಗ ಸೇರಿಸುವುದಷ್ಟೇ ಅದರ ಕೆಲಸ. ಆದರೆ ಅದನ್ನು ನಂಬಿದ ತುಣುಕುಗಳನ್ನು ಇನ್ನಷ್ಟು ತುಣುಕುಗಳು ನಂಬಿದ್ದವು. ಜಗತ್ತಿನ ಅನೇಕ ಕಡೆ ತಂತ್ರಾಂಶ ಕಟ್ಟುವ ಕೆಲಸ ನಿಂತುಹೋಯಿತು. ಕೆಲವೇ ಗಂಟೆಗಳಲ್ಲಿ ಭಂಡಾರದವರು ಅದನ್ನು ಮತ್ತೆ ಸ್ವಸ್ಥಾನಕ್ಕೆ ತಂದರು.

ಅದೇ ವರ್ಷದ ಜುಲೈಯಲ್ಲಿ ಫೇಸ್‌ಬುಕ್ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಎಂಬ ಸಾಧನ ಬಿಡುಗಡೆ ಮಾಡಿತು. ದಿನಗಟ್ಟಲೆ ಹಿಡಿಯುತ್ತಿದ್ದ ಪೂರ್ವಸಿದ್ಧತೆ ಒಂದು ಆದೇಶಕ್ಕೆ ಇಳಿಯಿತು. ಅದರಿಂದಲೇ ಕೆಲಸ ಕಲಿತವರು ಅಸಂಖ್ಯ. ಕಾಲ ಕಳೆದಂತೆ ಅದನ್ನು ನೋಡಿಕೊಳ್ಳುವವರೇ ಇಲ್ಲವಾದರು. 2025ರ ಫೆಬ್ರುವರಿ 14ರಂದು, ಹೊಸ ಕೆಲಸಗಳಿಗೆ ಇದನ್ನು ಬಳಸಬೇಡಿ ಎಂದು ರಿಯಾಕ್ಟ್ ತಂಡ ಪ್ರಕಟಿಸಿತು. ಅಚ್ಚಿಗೂ ಆಯುಷ್ಯವಿದೆ, ಅದರಲ್ಲಿ ಎರೆದ ತಾಣಗಳು ಮಾತ್ರ ಇನ್ನೂ ಉಳಿದಿರುತ್ತವೆ.

ಅದೇ ತಿಂಗಳು ಮೈಕ್ರೊಸಾಫ್ಟ್ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಅದರ ಎಎಸ್‌ಪಿ ಡಾಟ್ ನೆಟ್ ವ್ಯವಸ್ಥೆಯಲ್ಲಿ ಕಟ್ಟಿದ ತಾಣಗಳು ತಮ್ಮ ಮಾಹಿತಿ ನಕಲಿಯಲ್ಲವೆಂದು ಖಚಿತಪಡಿಸಿಕೊಳ್ಳಲು ಗುಪ್ತ ಸಂಕೇತವೊಂದನ್ನು ಬಳಸುತ್ತವೆ. ಮನೆಯ ಕೀಲಿಕೈ ಇದ್ದಂತೆ, ಅದು ಪ್ರತಿ ತಾಣಕ್ಕೂ ಬೇರೆಯೇ ಆಗಿರಬೇಕು. ಆದರೆ ಕೈಪಿಡಿಗಳಲ್ಲಿ, ಸಾರ್ವಜನಿಕ ಭಂಡಾರಗಳಲ್ಲಿ ಮಾದರಿಗೆಂದು ಇದ್ದ ಸಂಕೇತಗಳನ್ನೇ ಹಲವರು ನಕಲು ಮಾಡಿಕೊಂಡಿದ್ದರು. ಹೀಗೆ ಬಹಿರಂಗವಾಗಿರುವ 3,000ಕ್ಕೂ ಹೆಚ್ಚು ಸಂಕೇತಗಳನ್ನು ಗುರುತಿಸಿರುವುದಾಗಿ ಆ ಸಂಸ್ಥೆ ತಿಳಿಸಿತು. 2024ರ ಡಿಸೆಂಬರಿನಲ್ಲಿ ಅಂಥದೊಂದು ಸಂಕೇತವನ್ನು ಬಳಸಿ ದಾಳಿ ನಡೆದದ್ದೂ ಕಂಡುಬಂದಿತ್ತು. ಊರಿನ ಮನೆಗಳಿಗೆಲ್ಲ ಒಂದೇ ಬೀಗ ಹಾಕಿ, ಕೀಲಿಕೈಯನ್ನು ಚಾವಡಿಯಲ್ಲಿ ನೇತುಹಾಕಿದಂತೆ.

ಇದಕ್ಕೆ ಜ್ಯಾಂಗೊ ಮಾಡಿಕೊಂಡಿರುವ ಏರ್ಪಾಡು ನೋಡಿ. ಹೊಸ ತಾಣದ ಹಂದರ ಹಾಕುವಾಗಲೆಲ್ಲ ಅದು ಹೊಸದೊಂದು ಗುಪ್ತಸಂಕೇತವನ್ನು ತಾನೇ ಹುಟ್ಟಿಸುತ್ತದೆ. 2021ರ ಆವೃತ್ತಿಯಿಂದ ಆ ಸಂಕೇತದ ಆರಂಭದಲ್ಲೇ ‘ಅಸುರಕ್ಷಿತ’ ಎಂಬ ಗುರುತು ಸೇರಿಸುತ್ತದೆ. ಅದನ್ನು ಬದಲಿಸದೆ ಸಾರ್ವಜನಿಕರಿಗೆ ತೆರೆಯಲು ಹೊರಟರೆ ತಾಣದ ತಪಾಸಣೆಯಲ್ಲಿ ಎಚ್ಚರಿಕೆ ಬರುತ್ತದೆ. ಅಚ್ಚಿನಲ್ಲಿ ಬೀಗವಿರಬೇಕು, ಕೀಲಿಕೈ ಇರಬಾರದು ಎಂಬ ವಿವೇಕ ಇದು.

ಒಂದು ಸಾಲು ಮತ್ತು ಕನ್ನಡ

ಇಷ್ಟೆಲ್ಲ ದೂರದ ಊರುಗಳ ಮಾತು ನಮಗೇಕೆ ಎನ್ನಬಹುದು. ಈ ಅಚ್ಚುಗಳಲ್ಲಿರುವ ಎರಡು ಸಾಲುಗಳು ಕನ್ನಡದ ಓದುಗರನ್ನು ನೇರವಾಗಿ ತಟ್ಟುತ್ತವೆ.

ಮೊದಲನೆಯದು ಒಳ್ಳೆಯ ಸಾಲು. ಪುಟದ ಅಕ್ಷರಗಳನ್ನು ಯಾವ ಸಂಕೇತಪದ್ಧತಿಯಲ್ಲಿ ಓದಬೇಕೆಂದು ಹೇಳುವ ಸಾಲು ಅದು. ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಆದರೂ ಬಹಳ ವರ್ಷ ಕನ್ನಡದ ತಾಣಗಳು ತಮ್ಮ ತಮ್ಮ ಫಾಂಟುಗಳನ್ನು ನೆಚ್ಚಿಕೊಂಡಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡದ ಬದಲು ಚಿಹ್ನೆಗಳ ರಾಶಿ ಕಾಣುತ್ತಿತ್ತು. ಎಚ್‌ಟಿಎಂಎಲ್5 ಬಾಯ್ಲರ್‌ಪ್ಲೇಟಿನಂಥ ಅಚ್ಚುಗಳು ಯುಟಿಎಫ್-8 ಎಂಬ ಯುನಿಕೋಡ್ ಪದ್ಧತಿಯ ಸಾಲನ್ನು ತಲೆಭಾಗದಲ್ಲೇ ಕೂರಿಸಿದವು. ಆ ಅಚ್ಚನ್ನು ಬಳಸಿದವರು ಕೇಳದೆಯೇ ಅವರ ಪುಟ ಕನ್ನಡಕ್ಕೆ ಸಿದ್ಧವಾಯಿತು.

ಎರಡನೆಯದು ಪುಟದ ಭಾಷೆ ಯಾವುದೆಂದು ಸಾರುವ ಸಾಲು. ಕ್ರಿಯೇಟ್ ರಿಯಾಕ್ಟ್ ಆ್ಯಪ್ ಹಾಕಿಕೊಡುತ್ತಿದ್ದ ಹಂದರದಲ್ಲಿ ಅದು ‘ಇಂಗ್ಲಿಷ್’ ಎಂದಿರುತ್ತಿತ್ತು. ಅಂಥ ಹಂದರದ ಮೇಲೆ ಕನ್ನಡದ ಪುಟ ಕಟ್ಟಿ, ಆ ಸಾಲನ್ನು ತಿದ್ದಲು ಮರೆತರೆ ಏನಾಗುತ್ತದೆ? ಕಣ್ಣಿಗೆ ಏನೂ ಆಗುವುದಿಲ್ಲ. ಅಕ್ಷರಗಳು ಮುದ್ದಾಗಿಯೇ ಕಾಣುತ್ತವೆ. ಆದರೆ ದೃಷ್ಟಿಯಿಲ್ಲದವರು ಪುಟವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶ ಬಳಸುತ್ತಾರೆ. ಅದು ಆ ಸಾಲನ್ನು ನಂಬಿ ಇಂಗ್ಲಿಷಿನ ಧ್ವನಿಯನ್ನು ಆಯ್ದುಕೊಳ್ಳಬಹುದು. ಆಗ ಕನ್ನಡದ ಮಾತು ಅಪಭ್ರಂಶವಾಗಬಹುದು, ಇಲ್ಲವೆ ಪೂರ್ತಿ ಬಿಟ್ಟೇ ಹೋಗಬಹುದು. ಪುಟದ ಭಾಷೆಯನ್ನು ಸರಿಯಾಗಿ ಸಾರಬೇಕೆಂಬುದು 2008ರ ಅಂತಾರಾಷ್ಟ್ರೀಯ ಸುಗಮ್ಯತಾ ಮಾರ್ಗಸೂಚಿಯ ತೀರ ಪ್ರಾಥಮಿಕ ಹಂತದ ನಿಯಮ. ಇಂಗ್ಲಿಷ್ ಪುಟ ಕಟ್ಟುವವನಿಗೆ ಅಚ್ಚು ತಯಾರಿಸಿದವನ ನಿರ್ಧಾರ ವರ. ಕನ್ನಡದ ಪುಟದಲ್ಲಿ ತನ್ನ ಫಲಿತಾಂಶ ಕೇಳಿಸಿಕೊಳ್ಳಲು ಕಾದಿರುವ ಅಂಧ ವಿದ್ಯಾರ್ಥಿಗೆ ಅದು ಕೊಕ್ಕು ಮುರಿದ ಗಿಳಿ.

ಹಾಗೆಂದು ಅಚ್ಚೇ ಬೇಡ ಎನ್ನಲಾಗದು. ಎಲ್ಲವನ್ನೂ ಪ್ರತಿ ಸಲ ಹೊಸದಾಗಿ ಬರೆಯುವವನು ಹಳೆಯ ತಪ್ಪುಗಳನ್ನೇ ಹೊಸದಾಗಿ ಮಾಡುತ್ತಾನೆ. ಕೇಂಬ್ರಿಜ್‌ನ ಕಪಾಟು ಹುಟ್ಟಿದ್ದೇ ಆ ಕಾರಣಕ್ಕೆ. ಬೇಕಾದದ್ದು ಅಚ್ಚನ್ನು ಇಟ್ಟುಕೊಳ್ಳುವ ರೀತಿ. ತಮ್ಮದೇ ಅಚ್ಚು ಸಿದ್ಧಪಡಿಸಿಕೊಳ್ಳಲು ಹೊರಟ ತಂಡಕ್ಕೆ ಈ ಇತಿಹಾಸ ಕೆಲವು ಸೂಚನೆಗಳನ್ನು ಕೊಡುತ್ತದೆ.

ಕನಿಷ್ಠ ಎರಡು ಮೂರು ತಾಣಗಳನ್ನು ಕಟ್ಟಿದ ಮೇಲೆ, ಅವುಗಳಲ್ಲಿ ನಿಜವಾಗಿ ಸಮಾನವಾದದ್ದನ್ನು ಮಾತ್ರ ಅಚ್ಚಿಗೆ ತೆಗೆದುಕೊಳ್ಳಬೇಕು. ತಾಣದಿಂದ ತಾಣಕ್ಕೆ ಬದಲಾಗುವುದನ್ನು ಅಚ್ಚಿನಲ್ಲಿ ತುಂಬದೆ ಪ್ರಶ್ನೆಯಾಗಿ ಕೇಳಬೇಕು. 2013ರಲ್ಲಿ ಬಂದ ಕುಕೀಕಟರ್ ಎಂಬ ಸಾಧನ ಮಾಡುವುದು ಇದನ್ನೇ: ತಾಣದ ಹೆಸರೇನು, ಕಟ್ಟುವವರು ಯಾರು ಎಂದು ಮೊದಲು ಕೇಳಿ ಆಮೇಲೆ ಎರಕ ಹೊಯ್ಯುತ್ತದೆ. ಅದರ ಹೆಸರೂ ಬಿಸ್ಕತ್ತಿನ ಹಿಟ್ಟು ಕತ್ತರಿಸುವ ಅಡಿಗೆಮನೆಯ ಅಚ್ಚಿನದೇ. ಆ ಪ್ರಶ್ನೆಗಳ ಸಾಲಿನಲ್ಲಿ ‘ಪುಟದ ಭಾಷೆ ಯಾವುದು’ ಎಂಬುದೂ ಒಂದಾಗಿರಲಿ. ಗುಪ್ತಪದ, ಗುಪ್ತಸಂಕೇತಗಳು ಅಚ್ಚಿನ ಹೊರಗಿರಲಿ. ಹೊರಗಿನ ಬಿಡಿಭಾಗಗಳ ಯಾವ ಆವೃತ್ತಿ ಬಳಸಿದೆ ಎಂಬುದನ್ನು ನಿಖರವಾಗಿ ದಾಖಲಿಸಿಡಬೇಕು. ಪ್ರತಿ ನಿರ್ಧಾರಕ್ಕೂ ಕಾರಣವನ್ನು ಎರಡು ಸಾಲಿನಲ್ಲಿ ಬರೆದಿಟ್ಟರೆ ಮುಂದೆ ಬರುವವನು ಯಾವುದನ್ನು ಅಳಿಸಬಹುದೆಂದು ತಿಳಿಯುತ್ತಾನೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು, ಅಚ್ಚಿಗೊಬ್ಬ ಯಜಮಾನ ಬೇಕು. ಆಗಾಗ ಅದರಿಂದ ಒಂದು ಹೊಸ ತಾಣ ಎರೆದು, ಎಲ್ಲ ಸರಿಯಾಗಿ ಓಡುತ್ತಿದೆಯೇ ಎಂದು ನೋಡುವವರು ಬೇಕು. 2019ರಿಂದ ಗಿಟ್‌ಹಬ್ ತಾಣದಲ್ಲಿ ಯಾವುದೇ ಕೆಲಸವನ್ನು ಅಚ್ಚೆಂದು ಗುರುತಿಸಿ ಪ್ರತಿ ತೆಗೆಯುವ ಸೌಲಭ್ಯವಿದೆ. ಆದರೆ ಆ ಪ್ರತಿ ಮೂಲದ ಇತಿಹಾಸವಿಲ್ಲದೆ ಹುಟ್ಟುತ್ತದೆ. ಫಾರ್ಮ್‌ಮೇಲ್ ಕಾಲದ ತೊಡಕು ಅಲ್ಲಿಯೂ ತಪ್ಪಿಲ್ಲ. ಕಾಪಿಯರ್‌ನಂಥ ಸಾಧನಗಳು ಪ್ರತಿ ಯಾವ ಅಚ್ಚಿನದು, ಯಾವ ಆವೃತ್ತಿಯದು ಎಂದು ನೆನಪಿಟ್ಟುಕೊಂಡು, ಮೂಲದಲ್ಲಿ ಮಾಡಿದ ತಿದ್ದುಪಡಿಯನ್ನು ಪ್ರತಿಗೂ ತಲುಪಿಸುತ್ತವೆ. ಯಾವುದೂ ಇಲ್ಲದಿದ್ದರೆ, ಯಾವ ಯಾವ ತಾಣಗಳು ಈ ಅಚ್ಚಿನಿಂದ ಹೊರಟಿವೆ ಎಂಬ ಒಂದು ಪಟ್ಟಿಯಾದರೂ ಕೈಯಲ್ಲಿರಬೇಕು.

ಬ್ಯಾರಬೂ ಊರಿನ ಓದುಗರು ತಮ್ಮ ಪತ್ರಿಕೆಯನ್ನು ಕೊಂಡದ್ದು ಬೇರೆ ನಗರದಲ್ಲಿ ಮುದ್ರಿತವಾದ ಪುಟಗಳಿಗಾಗಿ ಮಾತ್ರ ಅಲ್ಲವಷ್ಟೆ. ಖಾಲಿ ಬಂದ ಬದಿಯಲ್ಲಿ ತಮ್ಮ ಸಂಪಾದಕ ಬರೆದದ್ದು ಅವರಿಗೆ ಬೇಕಾಗಿತ್ತು. ಸಿದ್ಧ ಪುಟಗಳಿದ್ದುದರಿಂದ ಅದನ್ನು ಬರೆಯಲು ಅವನಿಗೆ ಬಿಡುವು ಸಿಕ್ಕಿತು. ಒಳ್ಳೆಯ ಅಚ್ಚಿನಿಂದ ನಾವು ಬಯಸಬೇಕಾದದ್ದೂ ಇಷ್ಟೇ. ಬಾಗಿಲು, ಬೀಗ, ಗೂಡುಗಳ ಚಿಂತೆ ಅದಕ್ಕಿರಲಿ. ಆ ಬಾಗಿಲಿನಿಂದ ಒಳಬರುವವರು ಯಾರು, ಅವರ ಮಾತು ಯಾವುದು ಎಂದು ಯೋಚಿಸುವ ಬಿಡುವು ಕಟ್ಟುವವರಿಗೆ ಸಿಗಲಿ.